ಹೊಳಿ ಬಂದಾಗ ಸುದ್ದಿ ಎಲ್ಲಾರಿಗೂ ಮುಟ್ಟಬೇಕಂದ್ರ ಏನ್ ಮಾಡ್ಬೇಕ್ರಿ?

ಪ್ರಶ್ನೆ: ನಮ್ಮೂರು ರೋಣ ತಾಲೂಕಿನ್ಯಾಗ, ಮಲಪ್ರಭಾ ದಂಡಿಗೆ. ಮಳೆಗಾಲಕ್ಕ ಮೊದಲ ಹುಡುಗರ ತಂಡ ಕಟ್ಟಾಕತ್ತೀವಿ. ವಾಟ್ಸಾಪ್ ಗ್ರೂಪ್ ಐತಿ, ಕರೆಂಟ್ ಹೋದ್ರ ಅದೂ ಬಂದ್. ಬಾಜೂಕ ಲಂಬಾಣಿ ತಾಂಡಾ ಐತಿ, ಕಿವಿ ಕೇಳದ ಹಿರ್ಯಾರೂ ಅದಾರ. ತಿಳಿದವರು ಹೇಳ್ರಿ.

ನರಗುಂದದಿಂದ:
ಮೊದಲ ಸುದ್ದಿ ತಿಳಿಯೂಹಂಗ ಮಾಡ್ರಿ. "ನವಿಲುತೀರ್ಥ ಡ್ಯಾಂನಿಂದ ಇಷ್ಟು ಸಾವಿರ ಕ್ಯೂಸೆಕ್ಸ್ ಬಿಟ್ಟಾರ" ಅಂತ ಒದರಿದ್ರ ಯಾರೂ ಏಳೂದಿಲ್ಲ. ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಸುಮಾರು 28 ಲೀಟರ್. ಈ ಲೆಕ್ಕ ಬಲ್ಲವಗೂ ನೀರು ತನ್ನ ಹೊಸ್ತಿಲಿಗೆ ಬರತೈತೋ ಇಲ್ಲೋ ಗೊತ್ತಾಗಂಗಿಲ್ಲ. 2009, 2019ರ ನೀರು ಎಲ್ಲಿ ಮಟ ಬಂದಿತ್ತು ಅಂತ ಕೇಳಿ, ಗುಡಿ ಕಟ್ಟಿಗೆ, ಸಾಲಿ ಗ್ವಾಡಿಗೆ, ಲೈಟ್ ಕಂಬಕ್ಕ ಬಣ್ಣದ ಗೀಟು ಹೊಡೀರಿ. ಮುಂದ ಪ್ರತಿ ಸಲ ಎಷ್ಟು ಬಿಟ್ರು, ಎಷ್ಟು ತಾಸಿಗೆ ಯಾವ ಗೀಟು ಮುಟ್ತು ಅಂತ ಬರದಿಡ್ರಿ. ಮೈಕಿನ್ಯಾಗ ಹೇಳೂದು ಇಷ್ಟ: ನೀರು ಯಾವ ಗೀಟಿಗೆ, ಎಷ್ಟೊತ್ತಿಗೆ, ಯಾವ ಓಣಿಯವರು, ಯಾವ ದಾರಿಲೆ ಎಲ್ಲಿಗೆ. ವಾಟ್ಸಾಪ್‌ಗೆ ಹಾಕೂದಾದ್ರ ತಾರೀಖು, ಗಂಟೆ, ಹೇಳಿದವರ ಹೆಸರು ಬೇಕ ಬೇಕು. ಇಲ್ಲಾಂದ್ರ ಅದ ಸುದ್ದಿ ಮರುದಿನ ಫಾರ್ವರ್ಡ್ ಆಗಿ ಬಂದು ಮತ್ತ ಗದ್ದಲ.

ನವಲಗುಂದದಿಂದ:
ಡ್ಯಾಂ ಸುದ್ದಿ ಒಂದ ಕಾಯ್ಕೋತ ಕುಂದ್ರಬ್ಯಾಡ್ರಿ. ಬೆಣ್ಣಿಹಳ್ಳಕ್ಕ ಗೇಟ್ ತೆಗೆದು ನೋಟಿಸ್ ಕೊಡೋರಿಲ್ಲ. ಶಿಗ್ಗಾಂವಿ, ಕುಂದಗೋಳ, ಹುಬ್ಬಳ್ಳಿ ಕಡೆ ಮಳಿ ಹೊಡೆದ್ರ ಇಲ್ಲಿ ಬಿಸಲಿದ್ರೂ ಹಳ್ಳ ತುಂಬತೈತಿ, ಅದು ಮೆಣಸಗಿ ಕಡೆ ಮಲಪ್ರಭಾಕ್ಕ ಕೂಡತೈತಿ. ಮ್ಯಾಲಿನ ಊರಾಗ ಇಬ್ಬರ ನಂಬರ್ ಇರ್ಲಿ, ಬ್ಯಾರೆ ಬ್ಯಾರೆ ಕಂಪನಿ ಸಿಮ್ ಇದ್ದವರದು.

ಟವರ್ ಬ್ಯಾಟರಿ ಕೆಲವು ತಾಸು ಅಷ್ಟ. ಎಲ್ಲಾರೂ ಒಮ್ಮೆಲೇ ಕಾಲ್ ಮಾಡಿದ್ರ ಲೈನ್ ಸಿಗಂಗಿಲ್ಲ, ಎಸ್ಸೆಮ್ಮೆಸ್ ನುಸುಳಿ ಹೋಗತೈತಿ. ಕನ್ನಡ ಲಿಪಿಯಾಗ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ, ಕಾಗುಣಿತ, ಒತ್ತು ಬ್ಯಾರೆ ಎಣಿಸ್ತೈತಿ. ಇಂಗ್ಲಿಷ್ ಲಿಪಿಯಾಗ 160. ಕನ್ನಡ ಫಾಂಟ್ ಇಲ್ಲದ ಕೀಪ್ಯಾಡ್ ಫೋನಿನ್ಯಾಗ ಬರೇ ಡಬ್ಬಿ ಕಾಣತಾವು, ಮೊದಲ ಒಂದು ಕಳಿಸಿ ನೋಡ್ರಿ.

ಲಕ್ಷ್ಮೇಶ್ವರದಿಂದ:
ಗುಡಿ ಮೈಕು ಕರೆಂಟ್ ಮ್ಯಾಲ ನಡಿಯೂದು, ಅದನ್ನ ನಂಬಬ್ಯಾಡ್ರಿ. 12 ವೋಲ್ಟಿನ ಆಂಪ್ಲಿಫಯರ್ ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ರಿ. ಓಡೂ ಗಾಡಿಯಿಂದ ಒದರಿದ್ರ ಅರ್ಧ ಮಾತು ಮಳಿ ಸಪ್ಪಳಕ್ಕ ಹೋಗತೈತಿ. ಓಣಿಗೊಂದ್ಸಲ ನಿಲ್ಲಸಿ, ಸಾವಕಾಶ, ಎರಡು ಸಲ ಹೇಳ್ರಿ. ತಾಂಡಾಕ್ಕ ಅಲ್ಲಿನ ನಾಯಕರು ಇಲ್ಲಾ ಆಶಾ ಕಾರ್ಯಕರ್ತೆಯಿಂದ ಲಂಬಾಣಿಯೊಳಗ ಮೊದಲ ರೆಕಾರ್ಡ್ ಮಾಡಸಿ ಇಟ್ಟಿರ್ರಿ.

ಕಿವಿ ಕೇಳದವರಿಗೆ ಮೈಕು ಏನೂ ಅಲ್ಲ. ಒಂದೊಂದು ಮನಿಗೆ ಒಬ್ಬೊಬ್ಬ ನೆರೆಯವರನ್ನ ಗೊತ್ತು ಮಾಡ್ರಿ, ಮುಟ್ಟಿ ಎಬ್ಬಿಸಬೇಕು. ಬ್ಯಾಟರಿ ಬೆಳಕು ಅವರ ಕಣ್ಣಿಗೆ ಬಿಡದ ನಿಮ್ಮ ಮಾರಿ ಮ್ಯಾಲ ಹಿಡೀರಿ, ತುಟಿ ಕಾಣಬೇಕು. ನೀರಿನ ಚಿತ್ರ, ಸಾಲಿ ಚಿತ್ರ, ಗಡಿಯಾರದ ಚಿತ್ರ ಇರೂ ಒಂದು ರಟ್ಟು ಸಾಕು.

ಹಾವೇರಿಯಿಂದ:
ದೋಣಿ ತಗೊಂಡು ಬರೂ ಕೇಂದ್ರದ ವಿಪತ್ತು ಪಡೆ ಎನ್‌ಡಿಆರ್‌ಎಫ್‌ನವರಿಗೆ ನಮ್ಮ ಭಾಷೆ ಬರತೈತಿ ಅನ್ನೂ ಗ್ಯಾರಂಟಿ ಇಲ್ಲ, ನಮ್ಮ ಕಡೆ ಬರೂದು ಬಹಳ ಸಲ ವಿಜಯವಾಡದ 10ನೇ ಬೆಟಾಲಿಯನ್. ಹಿಂದಿ ಇಲ್ಲಾ ತೆಲುಗು ಬಲ್ಲ, ಓಣಿ ಗೊತ್ತಿದ್ದ ಒಬ್ಬರು ದೋಣಿಯಾಗ ಇರ್ಲಿ. "ದನಾ ಬಿಟ್ಟು ಬರಂಗಿಲ್ಲ" ಅಂತ ಕುಂತ ಅಜ್ಜಗ ನೀರಿನ ಹೆದರಿಕಿ ಹೇಳಿ ಉಪಯೋಗಿಲ್ಲ, ದನಾ ಎಲ್ಲಿ ಕಟ್ಟತಾರ, ಮೇವು ಯಾರು ಹಾಕತಾರ ಅನ್ನೂದು ಮೊದಲ ಹೇಳ್ರಿ.

1077 ಜಿಲ್ಲಾ ಕಂಟ್ರೋಲ್ ರೂಮ್, 112 ತುರ್ತು ನಂಬರ್. ಗದಗಿನ 08372ರಿಂದ ಸುರುವಾಗೂ ಕಂಟ್ರೋಲ್ ರೂಮ್ ನಂಬರನ್ನೂ ಪಂಚಾಯ್ತಿಯಿಂದ ಕೇಳಿ ಇಸ್ಕೊಂಡು ಸಾಲಿ ಗ್ವಾಡಿ ಮ್ಯಾಲ ಬರಸ್ರಿ, ಗೀಟಿಗಿಂತ ಎತ್ತರಕ್ಕ.