ಕಾಲೇಜಿನ ಸುದ್ದಿ ವಿದ್ಯಾರ್ಥಿಗಳಿಗೆ ಸಕಾಲದಲ್ಲಿ ತಲುಪಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ವಾಣಿಜ್ಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಈ ಶೈಕ್ಷಣಿಕ ವರ್ಷದಲ್ಲಿ ಪ್ರಾಂಶುಪಾಲರು ಪ್ರಚಾರ ಸಮಿತಿಯ ಹೊಣೆಯನ್ನು ನನಗೆ ವಹಿಸಿದ್ದಾರೆ. ಕಾಲೇಜಿನ ಸುದ್ದಿಗಳನ್ನೂ ಮುಂದೆ ನಡೆಯಲಿರುವ ಕಾರ್ಯಕ್ರಮಗಳ ವಿವರಗಳನ್ನೂ ವಿದ್ಯಾರ್ಥಿಗಳಿಗೆ ಮುಟ್ಟಿಸುವುದು ಈ ಸಮಿತಿಯ ಕೆಲಸ.

ಕಳೆದ ವರ್ಷದ ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಕೊನೆಯ ದಿನ ಮುಗಿದು ಮೂರು ದಿನಗಳಾದ ಮೇಲೆ, ದ್ವಿತೀಯ ಬಿ.ಕಾಂ.ನ ಹುಡುಗಿಯೊಬ್ಬಳು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ‘ಮೇಡಂ, ನೋಟಿಸ್ ಹಾಕಿರಲಿಲ್ಲ’ ಎಂದಳು. ನಾನು ಅಟೆಂಡರನ್ನು ಕರೆದು ಸೂಚನಾ ಫಲಕದ ಗಾಜಿನ ಬಾಗಿಲು ತೆಗೆಸಿ ನೋಡಿದಾಗ ನೋಟಿಸ್ ಅಲ್ಲಿಯೇ ಇತ್ತು. ಅದರ ಮೇಲೆ ಯಾರೋ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯನ್ನು ಅಂಟಿಸಿದ್ದರು. ಅವಳ ತಂದೆಗೆ ಎರಡು ಎಕರೆ ಖುಷ್ಕಿ ಜಮೀನು ಬಿಟ್ಟರೆ ಬೇರೆ ಆದಾಯವಿಲ್ಲ.

ನಮ್ಮ ಕಾಲೇಜಿನ ಜಾಲತಾಣದಲ್ಲಿ ಮುಗಿದುಹೋದ ಸಮಾರಂಭಗಳ ಫೋಟೋಗಳು ಸಾಕಷ್ಟಿವೆ. ಮುಂದಿನ ವಾರ ಏನಿದೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ತರಗತಿಗೊಂದು ವಾಟ್ಸಾಪ್ ಗುಂಪು ಇದೆಯಾದರೂ, ಹಬ್ಬದ ಶುಭಾಶಯಗಳ ನಡುವೆ ಮುಖ್ಯವಾದ ಸಂದೇಶ ಕೆಳಗೆ ಸರಿದುಹೋಗುತ್ತದೆ. ಅಲ್ಲದೆ ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರ ಬಳಿ ಸ್ವಂತ ಫೋನ್ ಇಲ್ಲ. ಅಣ್ಣನ ಅಥವಾ ಅಪ್ಪನ ಫೋನ್ ಸಂಜೆ ಒಂದು ಗಂಟೆ ಅವರ ಕೈಗೆ ಸಿಗುತ್ತದೆ. ಇಂಥ ಕಡೆ ಯಾವ ಸುದ್ದಿಯನ್ನು, ಎಷ್ಟು ದಿನ ಮೊದಲು, ಯಾವ ರೀತಿಯಲ್ಲಿ ಕೊಟ್ಟರೆ ಪ್ರಯೋಜನವಾಗುತ್ತದೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ

ಮೇಡಂ, ನಾನೂ ಸರ್ಕಾರಿ ಕಾಲೇಜಿನವನೇ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳುತ್ತೇನೆ. ಸೆಪ್ಟೆಂಬರ್ 24ರ ಎನ್‌ಎಸ್‌ಎಸ್ ದಿನಕ್ಕೆ ರಕ್ತದಾನ ಶಿಬಿರ ಏರ್ಪಡಿಸಿ, ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಹೀಗೆ ಒಂಬತ್ತು ಗಣ್ಯರ ಹೆಸರುಗಳಿದ್ದ ದೊಡ್ಡ ಪ್ರಕಟಣೆ ಹಾಕಿದ್ದೆ. ದಾನಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇರಬಾರದು, ಬೆಳಿಗ್ಗೆ ತಿಂಡಿ ತಿಂದೇ ಬರಬೇಕು ಎಂಬ ನಾಲ್ಕು ಮಾತುಗಳನ್ನು ಬರೆದಿರಲಿಲ್ಲ. ಮೊದಲ ಬಸ್ಸಿಗೆ ಹೊರಟು ಖಾಲಿ ಹೊಟ್ಟೆಯಲ್ಲಿ ಬಂದ ಮಕ್ಕಳು ಸಾಲಿನಲ್ಲಿ ನಿಂತು, ಒಬ್ಬೊಬ್ಬರಾಗಿ ಹಿಂದಿರುಗಿದರು. ಪ್ರಥಮ ವರ್ಷದವರಲ್ಲಿ ಎಷ್ಟೋ ಮಂದಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ರಕ್ತನಿಧಿಯ ಸಿಬ್ಬಂದಿ ನನ್ನನ್ನು ಪಕ್ಕಕ್ಕೆ ಕರೆದು, ‘ಸರ್, ಮೊದಲೇ ತಿಳಿಸಿದ್ದರೆ ಇಷ್ಟು ಮಕ್ಕಳಿಗೆ ಬೇಸರ ಆಗುತ್ತಿರಲಿಲ್ಲ’ ಎಂದಾಗ ನನಗೆ ಬಹಳ ನೋವಾಯಿತು.

ಅಂದಿನಿಂದ ನಾನು ಪ್ರಕಟಣೆಯನ್ನು ಬರುವವರ ಕಣ್ಣಿನಿಂದ ಬರೆಯುತ್ತಿದ್ದೇನೆ. ಕಾರ್ಯಕ್ರಮ ಎಷ್ಟು ಗಂಟೆಗೆ ಶುರುವಾಗುತ್ತದೆ ಎನ್ನುವುದಕ್ಕಿಂತ ಎಷ್ಟು ಗಂಟೆಗೆ ಮುಗಿಯುತ್ತದೆ ಎನ್ನುವುದು ಹಳ್ಳಿಯ ವಿದ್ಯಾರ್ಥಿಗೆ ಮುಖ್ಯ, ಏಕೆಂದರೆ ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಆರಕ್ಕೆ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆಯೇ ಹೊರತು ಬಸ್ಸಿನ ವೇಳೆಯ ಚಿಂತೆ ತಪ್ಪಿಲ್ಲ. ಏಳು ದಿನಗಳ ವಾರ್ಷಿಕ ವಿಶೇಷ ಶಿಬಿರದ ವಿಷಯದಲ್ಲಂತೂ ಒಂದು ತಿಂಗಳು ಮೊದಲೇ ಮನೆಯವರಿಗೆ ಪತ್ರ ಕಳುಹಿಸುತ್ತೇನೆ. ಎಲ್ಲಿ ಉಳಿಯುತ್ತಾರೆ, ಜೊತೆಗೆ ಯಾವ ಉಪನ್ಯಾಸಕಿಯರು ಇರುತ್ತಾರೆ ಎಂಬುದನ್ನು ಅದರಲ್ಲಿ ಬರೆದ ಮೇಲೆ ಶಿಬಿರಕ್ಕೆ ಬರುವ ಹುಡುಗಿಯರ ಸಂಖ್ಯೆ ಹೆಚ್ಚಿತು.

ಉತ್ತರ 2: ಗ್ರಂಥಪಾಲಕ, ಬಯಲುಸೀಮೆ

ಸೂಚನಾ ಫಲಕವನ್ನು ಪ್ರಾಂಶುಪಾಲರ ಕೊಠಡಿಯ ಎದುರಿನಿಂದ ತೆಗೆಸಿ, ಕುಡಿಯುವ ನೀರಿನ ಫಿಲ್ಟರಿನ ಪಕ್ಕಕ್ಕೆ ಹಾಕಿಸಿ. ಪ್ರಾಂಶುಪಾಲರ ಕೊಠಡಿಯ ಮುಂದೆ ವಿದ್ಯಾರ್ಥಿಗಳು ನಿಲ್ಲುವುದಿಲ್ಲ, ಬೇಗ ದಾಟಿ ಹೋಗುತ್ತಾರೆ. ಬಾಟಲಿ ತುಂಬುವಷ್ಟು ಹೊತ್ತು ನೀರಿನ ಹತ್ತಿರ ನಿಂತೇ ನಿಲ್ಲುತ್ತಾರೆ.

ಎರಡನೆಯದು, ಅವಧಿ ಮುಗಿದ ಸೂಚನೆಯನ್ನು ಅಂದೇ ತೆಗೆಯುವುದು. ಇದನ್ನು ಯಾರೂ ತಮ್ಮ ಕೆಲಸವೆಂದು ಭಾವಿಸುವುದಿಲ್ಲ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕು ಎನ್ನುತ್ತದೆ. ನಮ್ಮ ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಆ ಹಿರಿಯರ ಮಾತು ಸೂಚನಾ ಫಲಕಕ್ಕೂ ಅಷ್ಟೇ ಅನ್ವಯಿಸುತ್ತದೆ ಎಂದು ನಾನು ನಂಬಿದ್ದೇನೆ. ಪ್ರತಿ ಶನಿವಾರ ಮಧ್ಯಾಹ್ನ ಹಳೆಯ ಕಾಗದಗಳನ್ನು ಬಿಡಿಸಿ, ದಿನಾಂಕ ಹಾಕಿ ಒಂದು ಕಡತದಲ್ಲಿ ಇಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಅದೇ ಕಡತ ದಾಖಲೆಯಾಗಿಯೂ ಒದಗಿತು.

ಇನ್ನೊಂದು ಮುಖ್ಯವಾದ ಮಾತು ಭಾಷೆಯದು. ಇಲಾಖೆಯಿಂದ ಬಂದ ಸುತ್ತೋಲೆಯನ್ನು ಇದ್ದಂತೆಯೇ ಅಂಟಿಸಿದರೆ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳುವುದು ಸರಿಯಲ್ಲ. ಉದಾಹರಣೆಗೆ, ‘ಆಧಾರ್ ಸೀಡಿಂಗ್ ಕಡ್ಡಾಯ’ ಎಂದು ಬರೆದರೆ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದೇನೆ, ಅದು ಆಗಿದೆ ಎಂದೇ ತಿಳಿಯುತ್ತಾನೆ. ಖಾತೆಗೆ ಆಧಾರ್ ಜೋಡಿಸುವುದೇ ಬೇರೆ, ಸರ್ಕಾರದ ಹಣ ಬರುವಂತೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆ ಖಾತೆಯನ್ನು ಸೇರಿಸುವುದೇ ಬೇರೆ. ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದರೆ ಕೊನೆಯದಾಗಿ ಪಟ್ಟಿಗೆ ಸೇರಿದ ಖಾತೆಗೆ ಹಣ ಹೋಗುತ್ತದೆ. ನಾನು ಇದನ್ನು ಐದು ಸಾಲಿನ ಕನ್ನಡದಲ್ಲಿ ಬರೆದು, ಬ್ಯಾಂಕಿನಲ್ಲಿ ಯಾವ ಮಾತು ಕೇಳಬೇಕು ಎಂಬುದನ್ನೂ ಸೇರಿಸಿ ಹಾಕಿದ ವಾರ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬಂದು ತಮ್ಮ ಖಾತೆ ಪರಿಶೀಲಿಸಿಕೊಂಡರು. ಅಂಥ ಸೂಚನೆಯನ್ನು ಬರೆಯಲು ಅರ್ಧ ದಿನ ಬೇಕಾಗುತ್ತದೆ ಮೇಡಂ, ಆ ಅರ್ಧ ದಿನವನ್ನು ದಯವಿಟ್ಟು ಕೊಡಿ.

ಉತ್ತರ 3: ಕುಪರ್ಟಿನೊದಲ್ಲಿರುವ ಕನ್ನಡತಿ

ನಾನು ಹಾಸನ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಓದಿದವಳು. ಮದುವೆಯಾಗಿ ಕ್ಯಾಲಿಫೋರ್ನಿಯಕ್ಕೆ ಬಂದ ಮೇಲೆ ಇಲ್ಲಿನ ಡಿ ಆಂಜಾ ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ತರಗತಿಗಳನ್ನು ತೆಗೆದುಕೊಂಡೆ. ಇದು 1967ರಲ್ಲಿ ಆರಂಭವಾದ ಸಮುದಾಯ ಕಾಲೇಜು. ಆಗತಾನೇ ಹೈಸ್ಕೂಲು ಮುಗಿಸಿದವರು, ಕೆಲಸ ಮಾಡುತ್ತಲೇ ಓದುವವರು, ನನ್ನಂತೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರು, ಎಲ್ಲರೂ ಒಂದೇ ತರಗತಿಯಲ್ಲಿ ಕೂರುತ್ತೇವೆ.

ಇಲ್ಲಿ ನನಗೆ ಬಹಳ ಹಿಡಿಸಿದ್ದು ಶೈಕ್ಷಣಿಕ ಕ್ಯಾಲೆಂಡರ್. ಪ್ರತಿ ಕ್ವಾರ್ಟರ್ (ಸುಮಾರು ಮೂರು ತಿಂಗಳ ಕಲಿಕೆಯ ಅವಧಿ) ಶುರುವಾಗುವ ಎಷ್ಟೋ ಮೊದಲೇ, ತರಗತಿ ಸೇರಲು ಕೊನೆಯ ದಿನ, ಶುಲ್ಕ ಮರಳಿ ಪಡೆದು ತರಗತಿ ಬಿಡಲು ಕೊನೆಯ ದಿನ, ಅಂತಿಮ ಪರೀಕ್ಷೆಯ ವಾರ, ರಜೆಗಳು, ಇವೆಲ್ಲವೂ ಒಂದೇ ಕಡೆ ಸಿಗುತ್ತವೆ. ವಿಶ್ವವಿದ್ಯಾಲಯಗಳಿಗೆ ವರ್ಗಾವಣೆಗೊಳ್ಳಲು ಬಯಸುವವರಿಗೆ ಅರ್ಜಿಯ ತಿಂಗಳಿಗೆ ಮೊದಲೇ ಮಾರ್ಗದರ್ಶನ ಶಿಬಿರಗಳು ನಡೆಯುತ್ತವೆ. ನನ್ನ ಅಡುಗೆಮನೆಯ ಗೋಡೆಯ ಮೇಲೆ ಮಗಳ ಶಾಲೆಯ ವೇಳಾಪಟ್ಟಿಯ ಪಕ್ಕದಲ್ಲಿ ಆ ಕ್ಯಾಲೆಂಡರ್ ಅಂಟಿಸಿಕೊಂಡಿದ್ದೆ, ಹಾಗಾಗಿ ಎರಡು ವರ್ಷಗಳಲ್ಲಿ ಒಂದು ಗಡುವೂ ತಪ್ಪಲಿಲ್ಲ. ಇಲ್ಲಿನ ಅನುಕೂಲಗಳು ನಿಮ್ಮಲ್ಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಮೊದಲೇ ಕೊಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲವಲ್ಲ ಎಂದು ಹೇಳುತ್ತಿದ್ದೇನೆ.

ಉತ್ತರ 4: ಹಳೆಯ ವಿದ್ಯಾರ್ಥಿ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವಿದೆ. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ದಿನಾಂಕ, ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ದಿನಾಂಕ, ಎಲ್ಲವೂ ಮೇಲಿನಿಂದ ಬರುವಂಥವು ಮತ್ತು ಪದೇ ಪದೇ ವಿಸ್ತರಣೆಯಾಗುವಂಥವು. ವರ್ಷದ ಆರಂಭದಲ್ಲಿಯೇ ಅಚ್ಚು ಹಾಕಿಸಿದ ಹಾಳೆ ಎರಡು ತಿಂಗಳಲ್ಲಿ ಸುಳ್ಳಾಗುತ್ತದೆ, ಆಮೇಲೆ ಅದನ್ನು ಯಾರೂ ನಂಬುವುದಿಲ್ಲ.

ನಮ್ಮ ತರಗತಿಯಲ್ಲಿ ಕನ್ನಡ ಮೇಷ್ಟ್ರು ಪ್ರತಿ ಸೋಮವಾರ ಮೊದಲ ಅವಧಿಯ ಐದು ನಿಮಿಷವನ್ನು ಇದಕ್ಕೆಂದೇ ಬಿಟ್ಟುಕೊಡುತ್ತಿದ್ದರು. ಒಬ್ಬ ವಿದ್ಯಾರ್ಥಿ ಎದ್ದು ನಿಂತು ಆ ವಾರದ ಸುದ್ದಿ ಓದಬೇಕು. ಉಳಿದವರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಬೇಕು. ಆ ದಿನ ಬಾರದವರ ಹೆಸರನ್ನು ಬರೆದುಕೊಂಡು, ಅದೇ ಊರಿನ ಬಸ್ಸಿನಲ್ಲಿ ಹೋಗುವವರಿಗೆ ಹೇಳಿ ಕಳುಹಿಸುತ್ತಿದ್ದರು. ಫೋನ್ ಇಲ್ಲದವರಿಗೂ ಸುದ್ದಿ ತಲುಪಿದ್ದು ಹೀಗೆ. ನನ್ನ ಸರದಿ ಬಂದಾಗ ಮೊದಲ ಬಾರಿಗೆ ಅರವತ್ತು ಜನರ ಮುಂದೆ ಮಾತನಾಡಿದೆ. ಕಾಲು ನಡುಗುತ್ತಿತ್ತು, ಆದರೆ ಓದಿ ಮುಗಿಸಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ದಿನಾಂಕಗಳು ಬದಲಾಗುತ್ತವೆ ಎಂಬ ಮಾತು ಸರಿಯಾಗಿದೆ, ಆದ್ದರಿಂದ ವರ್ಷಕ್ಕೊಂದರ ಬದಲು ತಿಂಗಳಿಗೊಂದು ಹಾಳೆ ಎಂದು ನಿಶ್ಚಯಿಸಿದ್ದೇವೆ. ಗಡುವುಗಳು ಮೇಲೆ, ಕಾರ್ಯಕ್ರಮಗಳು ಕೆಳಗೆ. ಪ್ರತಿಯೊಂದರ ಮುಂದೆಯೂ ಮುಗಿಯುವ ವೇಳೆ ಇರುತ್ತದೆ. ಅತಿಥಿಗಳ ಹೆಸರುಗಳನ್ನು ಆಹ್ವಾನ ಪತ್ರಿಕೆಗೆ ಬಿಟ್ಟಿದ್ದೇವೆ. ಸೋಮವಾರದ ಐದು ನಿಮಿಷಕ್ಕೆ ಮೂವರು ಸಹೋದ್ಯೋಗಿಗಳು ಒಪ್ಪಿದ್ದಾರೆ, ಉಳಿದವರೊಂದಿಗೆ ಮಾತನಾಡುತ್ತಿದ್ದೇನೆ. ಫಲಕವನ್ನು ನಿನ್ನೆ ನೀರಿನ ಫಿಲ್ಟರಿನ ಪಕ್ಕದ ಗೋಡೆಗೆ ಹಾಕಿಸಿದೆವು. ಹಳೆಯ ಬೀಗದ ಕೀಲಿಕೈ ಸಿಗದ ಕಾರಣ ಗಾಜಿನ ಬಾಗಿಲನ್ನೇ ತೆಗೆಸಿಬಿಟ್ಟಿದ್ದೇವೆ. ಕಳೆದ ವರ್ಷ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ಮೊದಲ ಹಾಳೆಯನ್ನು ತನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟವಳು ಅವಳೇ.