ಸಹಾಯ ಬೇಕು: ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿಯ ದೋಣಿ ಪ್ರವಾಸ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ವಿಜಯಪುರದಿಂದ ನಮಸ್ಕಾರಗಳು. ಬರುವ ನವೆಂಬರ್‌ನಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬನೇ ವಿಯೆಟ್ನಾಂಗೆ ಹೊರಟಿದ್ದೇನೆ. ಹನೋಯ್‌ನಿಂದ ಹಾ ಲಾಂಗ್ ಕೊಲ್ಲಿಗೆ ಹೋಗಿ, ಇತರ ಪ್ರವಾಸಿಗರೊಂದಿಗೆ ಒಂದು ರಾತ್ರಿ ದೋಣಿಯಲ್ಲಿಯೇ ತಂಗುವ ಆಸೆಯಿದೆ. ಆಲಮಟ್ಟಿ ಜಲಾಶಯಕ್ಕಿಂತ ದೊಡ್ಡ ನೀರನ್ನು ಕಾಣದ ನನಗೆ, ಹಸಿರು ನೀರಿನಿಂದ ನೆಟ್ಟಗೆ ಎದ್ದು ನಿಂತ ಸುಮಾರು 1,600 ಸುಣ್ಣಕಲ್ಲಿನ ದ್ವೀಪಗಳ ನಡುವೆ ಬೆಳಗಾಗುವುದನ್ನು ನೋಡಬೇಕೆಂಬ ಹಂಬಲ ಬಹಳ ದಿನಗಳದ್ದು.

ಆದರೆ 2025ರ ಜುಲೈ 19ರಂದು ಅಲ್ಲಿ ಹಠಾತ್ತನೆ ಎದ್ದ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ ಹಲವರು ಜೀವ ಕಳೆದುಕೊಂಡ ಸುದ್ದಿಯನ್ನು ಅವ್ವ ಮರೆತಿಲ್ಲ. ಮರೆಯಬೇಕೆಂದು ನಾನೂ ಹೇಳಲಾರೆ. ಆದ್ದರಿಂದ ಅಲ್ಲಿ ರಾತ್ರಿ ತಂಗಿ ಬಂದವರು ದಯವಿಟ್ಟು ತಿಳಿಸಿ. ದೋಣಿ ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ತುರ್ತು ಬಾಗಿಲು ಯಾವುದು ಎಂಬುದನ್ನು ತೋರಿಸಿದರೇ? ಹವಾಮಾನ ಕೆಟ್ಟು ಪ್ರವಾಸ ರದ್ದಾದರೆ ಮುಂಗಡ ಹಣ ಪೂರ್ತಿ ಮರಳುತ್ತದೆಯೇ? ಪಕ್ಕದ ಲಾನ್ ಹಾ ಕೊಲ್ಲಿಯನ್ನು ಆರಿಸುವುದು ಮೇಲೇ?

ಊಟದ ಮಾತೂ ಇದೆ. ನಾನು ಶುದ್ಧ ಸಸ್ಯಾಹಾರಿ. ಅಲ್ಲಿ ತರಕಾರಿಯ ಅಡುಗೆಗೂ ಮೀನಿನ ಸಾಸ್ ಬೆರೆಸುವುದುಂಟು. ಹಳೆಯ ಸೀರೆಯ ತುಂಡಿನಲ್ಲಿ ಇಪ್ಪತ್ತು ಕಡಕ್ ರೊಟ್ಟಿ ಸುತ್ತಿ, ಶೇಂಗಾ ಹಿಂಡಿಯ ಡಬ್ಬಿಯನ್ನು ಜೊತೆಗಿಡುವುದಾಗಿ ಅವ್ವ ಹೇಳಿದ್ದಾಳೆ. ಹೊರಗಿನ ತಿನಿಸನ್ನು ದೋಣಿಯೊಳಗೆ ಬಿಡುತ್ತಾರೆಯೇ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.