‘ದಾನಿ ಬೈಕ್’ ಯಾಕೋ ಒಪ್ಪುತ್ತಿಲ್ಲ, ಬೇರೆ ಪದ ಇದೆಯಾ?

ಗೆಳೆಯರೇ,

ಒಂದು ಪದ ಮೂರು ವಾರದಿಂದ ತಲೆ ತಿನ್ನುತ್ತಿದೆ. ಹಳೆಯ ಎರಡು ಮೂರು ಬೈಕುಗಳ ಸಾಮಾನು ಸೇರಿಸಿ ತಮಗೆ ಬೇಕಾದ ಹಾಗೆ ಒಂದು ಬೈಕು ಮಾಡಿಸಿಕೊಳ್ಳುತ್ತಾರಲ್ಲ, ಆಗ ಸಾಮಾನು ಕೊಟ್ಟು ತಾನು ಖಾಲಿಯಾಗುವ ಬೈಕಿಗೆ ಇಂಗ್ಲಿಷಿನಲ್ಲಿ ‘ಡೋನರ್ ಬೈಕ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಸುಮ್ನೆ ಕೇಳುತ್ತಿಲ್ಲ. ನಾನು ಮೈಸೂರಿನವನು. 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳು ತಯಾರಾದ ಊರು. ಇಲ್ಲಿ ಹಳೇ ಮನೆಗಳ ಹಿತ್ತಿಲಲ್ಲಿ ಈಗಲೂ ಒಂದೊಂದು ಯೆಜ್ದಿ ತುಕ್ಕು ಹಿಡಿದು ನಿಂತಿರುತ್ತದೆ. ಕಳೆದ ವರ್ಷ ನಾನೂ ನನ್ನ ಗೆಳೆಯನೂ ಸೇರಿ ಒಂದು ಗಾಡಿ ಮಾಡಿಸಿದೆವು. ಚಾಸಿ ಒಂದು ಯೆಜ್ದಿ ರೋಡ್‌ಕಿಂಗ್‌ನದು, ಎಂಜಿನ್ ಇನ್ನೊಂದು ರೋಡ್‌ಕಿಂಗ್‌ನದು, ಪೆಟ್ರೋಲ್ ಟ್ಯಾಂಕ್ ರಾಜದೂತ್‌ನದು. ಅದರ ಕಥೆ ಬರೆದು ಗೆಳೆಯನಿಗೆ ಓದಲು ಕೊಟ್ಟೆ. ‘ಡೋನರ್’ ಅಂತ ಇದ್ದ ಕಡೆಯೆಲ್ಲ ಅವನು ‘ದಾನಿ’ ಅಂತ ತಿದ್ದಿದ. ‘ದಾನಿ ಬೈಕಿನ ಪಿಸ್ಟನ್ ಹಿಡಿದುಕೊಂಡಿತ್ತು’ ಅನ್ನೋ ಸಾಲು ಓದಿ ನಗು ತಡೆಯಲಾಗಲಿಲ್ಲ.

ಪತ್ರಿಕೆಗಳಲ್ಲಿ ಬರುವ ಅಂಗಾಂಗ ದಾನಿಯನ್ನು ನೋಡಿ ಅವನು ಹಾಗೆ ಮಾಡಿದ್ದು ಅಂತ ಗೊತ್ತು. ಆದರೆ ನನ್ನ ಕಿವಿಗೆ ದಾನಿ ಅಂದರೆ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಬೆಳಕಿಗೆ ಅಡ್ಡವಾಗಿ ಹೆಸರು ಬರೆಸಿಕೊಂಡವರು. ಅದಿರಲಿ, ದಾನ ಅಂದರೆ ಕೊಡುವವನು ಮನಸ್ಸಿಟ್ಟು ಕೊಡಬೇಕು. ಕರ್ಣ ಕವಚ ಕುಂಡಲ ಕೊಟ್ಟದ್ದು ದಾನ. ಈ ಗಾಡಿ ಏನನ್ನೂ ಕೊಡಲಿಲ್ಲ, ನಾವೇ ಕಿತ್ತುಕೊಂಡೆವು.

‘ಗುಜರಿ ಗಾಡಿ’ ಅನ್ನಬಹುದಲ್ವಾ ಅಂತ ತಮ್ಮ ಕೇಳಿದ. ಅದೂ ಅಲ್ಲ. ಉರ್ದುವಿನ ಗುಜ್ರಿ ಅಂದರೆ ಸಂಜೆ ಹೊತ್ತು ದಾರಿ ಬದಿಯಲ್ಲಿ ಕೂಡುವ ಸಂತೆ. ನಮ್ಮಲ್ಲಿ ಅದು ಹಳೇ ಸಾಮಾನಿನ ಅಂಗಡಿಯಾಗಿ, ಆಮೇಲೆ ಬೈಗುಳವೂ ಆಯಿತು. ಗುಜರಿಗೆ ಹೋದದ್ದು ಕೆಜಿ ಲೆಕ್ಕದಲ್ಲಿ ಹೋಗುತ್ತದೆ. ಈ ಗಾಡಿಯನ್ನು ಯಾರೂ ತೂಗುವುದಿಲ್ಲ. ಇದರ ಒಂದೊಂದು ನಟ್ಟನ್ನೂ ಡಬ್ಬಿಯಲ್ಲಿ ಎತ್ತಿಡುತ್ತಾರೆ.

ಗ್ಯಾರೇಜಿನವರು ಏನನ್ನುತ್ತಾರೆ ಅಂತ ಕಿವಿಗೊಟ್ಟೆ. ಗಾಡಿಗಳನ್ನು ಇಳಿಸಿದ ದಿನ ಮೆಕ್ಯಾನಿಕ್ ಹೇಳಿದ್ದು: “ಸಾರ್, ಬಿಚ್ಚೋ ಗಾಡೀನ ಗೋಡೆ ಕಡೆ ಇಡಿ. ಓಡ್ಸೋ ಗಾಡಿ ನೆರಳಿಗೆ ಬರ್ಲಿ.” ಅಷ್ಟೇ. ಒಂದು ಬಿಚ್ಚೋದು, ಒಂದು ಓಡ್ಸೋದು. ಅವರ ಮಾತೆಲ್ಲ ಹೀಗೇ ಕೆಲಸದಿಂದ ಹುಟ್ಟುತ್ತದೆ. ಎಂಜಿನ್ ಹದಿನೈದು ವರ್ಷ ನಿಂತಲ್ಲೇ ನಿಂತು ಪಿಸ್ಟನ್ ‘ಹಿಡ್ಕೊಂಡಿತ್ತು’, ಅಂದರೆ ಅಲುಗಾಡದೆ ಸಿಕ್ಕಿಕೊಂಡಿತ್ತು. ಪ್ಲಗ್ ತೂತಿನಿಂದ ಡೀಸೆಲ್ ಹುಯ್ದು ನಾಲ್ಕು ದಿನ ಬಿಟ್ಟರು. ಐದನೇ ದಿನ ಹೆಡ್ ತೆಗೆದು, ಪಿಸ್ಟನ್ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಕೂತರು. ಅರ್ಧ ಗಂಟೆ ಆದ ಮೇಲೆ ಹುಡುಗ ಕೂಗಿದ: “ಬಿಡ್ತು ಭಾಯ್, ಬಿಡ್ತು!” ಹಿಡಿಯುವುದು, ಬಿಡುವುದು. ಇದಕ್ಕಿಂತ ಒಳ್ಳೆಯ ತಾಂತ್ರಿಕ ಪದ ಯಾವ ಸಮಿತಿ ಕೂತರೂ ಹುಟ್ಟುವುದಿಲ್ಲ.

ಹಾಗಾದರೆ ಬರಹದಲ್ಲಿ ‘ಬಿಚ್ಚುಗಾಡಿ’ ಅಂದರೆ ಹೇಗೆ? ಬೀಸುಕಲ್ಲು, ತೂಗುಮಂಚದ ದಾರಿಯಲ್ಲೇ ಇದೆ. ಅದಕ್ಕಿಂತ ಹತ್ತಿರದ ನೆಂಟ ಬಿಚ್ಚುಗತ್ತಿ, ಚಿತ್ರದುರ್ಗದ ಭರಮಣ್ಣ ನಾಯಕನ ಹೆಸರಿನ ಮುಂದೆ ಇರುವುದು. ಅಲ್ಲಿ ‘ಬಿಚ್ಚು’ ಅಂದರೆ ಆಗಲೇ ಒರೆಯಿಂದ ಬಿಚ್ಚಿದ್ದು, ಇಲ್ಲಿ ಇನ್ನು ಬಿಚ್ಚಬೇಕಾದದ್ದು. ಬರೀ ಧಾತು ಇಟ್ಟರೆ ಎರಡಕ್ಕೂ ಸಲ್ಲುತ್ತದೆ ಅನ್ನೋದು ನನ್ನ ಲೆಕ್ಕ. ವ್ಯಾಕರಣ ಬಲ್ಲವರು ತಪ್ಪಿದ್ದರೆ ತಿದ್ದಿ.

ಇನ್ನು ತಯಾರಾದ ಬೈಕಿಗೆ ಏನನ್ನೋಣ? ನನಗೆ ‘ಕಸಿಗಾಡಿ’ ಇಷ್ಟ. ಮಾವಿನ ಕಸಿ ನೆನಪಿಸಿಕೊಳ್ಳಿ. ಬೇರು ಒಂದು ಗಿಡದ್ದು, ಮೇಲೆ ಕಟ್ಟಿದ ಕಡ್ಡಿ ಇನ್ನೊಂದರದ್ದು. ಬೈಕಿನಲ್ಲಿ ಬೇರು ಅಂದರೆ ಚಾಸಿ. ಚಾಸಿ ನಂಬರ್ ಯಾವುದೋ ಗಾಡಿ ಅದೇ, ಆರ್‌ಸಿ ಅದರದೇ. ಬೇರೆ ಎಂಜಿನ್ ಕೂರಿಸಿದರೆ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಬೇಕು. ಮನಬಂದಂತೆ ಆಲ್ಟ್ರೇಷನ್ ಮಾಡಿಸುವ ಹಾಗೂ ಇಲ್ಲ. ಕಂಪನಿ ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಯಾವುದು ಬೇರು, ಯಾವುದು ಕಡ್ಡಿ ಅನ್ನೋದು ಬರೀ ಪದದ ಜಗಳ ಅಲ್ಲ.

ತೊಡಕು ಎರಡಿವೆ. ಮಾವಿನಲ್ಲಿ ಕಡ್ಡಿ ಕೊಟ್ಟ ಮರವನ್ನು ತಾಯಿಮರ ಅನ್ನುತ್ತಾರೆ. ಕಡ್ಡಿ ಕೊಟ್ಟ ಮೇಲೂ ಅದು ಹಣ್ಣು ಬಿಡುತ್ತಾ ಇರುತ್ತದೆ. ನಮ್ಮ ಗೋಡೆ ಕಡೆಯ ‘ತಾಯಿ’ಗೆ ಈಗ ಎರಡು ಚಕ್ರವೂ ಇಲ್ಲ. ಇನ್ನೊಂದು, ‘ಕಸಿ’ಗೆ ಕಿತ್ತುಕೊಳ್ಳು ಅನ್ನೋ ಅರ್ಥವೂ ಇದೆಯಲ್ಲ. ಕಸಿಗಾಡಿ ಅಂದರೆ ಯಾರಿಂದಲೋ ಕಸಿದ ಗಾಡಿ ಅಂತ ಪೊಲೀಸರು ತಿಳಿದರೆ ಕಷ್ಟ! ಆದರೂ ನಾವು ಮಾಡಿದ್ದು ಎರಡೂ ಕೆಲಸವನ್ನೇ, ಆದ್ದರಿಂದ ಆ ಪದವನ್ನು ಬಿಡಲು ಮನಸ್ಸಿಲ್ಲ.

ಹೆಸರುಗಳನ್ನೇ ಕಸಿ ಕಟ್ಟುವುದೂ ಉಂಟು. ನಾರ್ಟನ್ ಚಾಸಿಗೆ ಟ್ರಯಂಫ್ ಎಂಜಿನ್ ಕೂರಿಸಿ ಇಂಗ್ಲೆಂಡಿನ ಹುಡುಗರು ‘ಟ್ರೈಟನ್’ ಅಂದರು. ಜಾವಾ ಅನ್ನೋ ಹೆಸರೂ ಅಂಥದ್ದೇ. 1929ರಲ್ಲಿ ಜೆಕ್ ದೇಶದ ಯಾನೆಚೆಕ್ ಅನ್ನುವವನು ಜರ್ಮನಿಯ ವಾಂಡರರ್ ಕಂಪನಿಯ ಬೈಕು ಮಾಡುವ ಹಕ್ಕು ಕೊಂಡ. ಅವನ ಹೆಸರಿನ ಮೊದಲ ಚೂರು, ವಾಂಡರರ್‌ನ ಮೊದಲ ಚೂರು ಸೇರಿ ಆ ಹೆಸರು. ಜೆಕ್ ಬಾಯಲ್ಲಿ ಅದು ‘ಯಾವಾ’. ಆ ಉಚ್ಚಾರ ಇಲ್ಲಿಗೂ ಬಂದಿದ್ದರೆ ‘ಯಾವ ಗಾಡಿ ಸಾರ್?’ ಅಂದವರಿಗೆ ‘ಹೌದು, ಯಾವಾ ಗಾಡಿ’ ಅನ್ನಬಹುದಿತ್ತು. ನಮ್ಮ ಯೆಜ್ದಿಗೂ ರಾಜದೂತ್‌ಗೂ ಗಂಟು ಹಾಕಿ ನೋಡಿದೆ: ‘ಯೆಜ್‌ದೂತ’. ಅಮ್ಮನಿಗೆ ‘ಯಮದೂತ’ ಅಂತ ಕೇಳಿಸಿತು. ಅಲ್ಲಿಗೆ ಆ ಹೆಸರು ಮುಗಿಯಿತು.

ಕೊನೆಗೆ ಕ್ರಿಯಾಪದದ ಮಾತು. ‘ಬೈಕ್ ಕಟ್ಟಿದೆವು’ ಅಂತ ಬರೆದಿದ್ದೆ. ಬಸ್ಸಿಗೆ ಬಾಡಿ ಕಟ್ಟಿಸುತ್ತೇವೆ, ಕಸಿಯನ್ನೂ ಕಟ್ಟುತ್ತೇವೆ, ಹಾಗಾಗಿ ಸರಿ ಅಂದುಕೊಂಡೆ. ಆದರೆ ನಮ್ಮ ತಾತನ ಕಾಲದವರಿಗೆ ‘ಗಾಡಿ ಕಟ್ಟು’ ಅಂದರೆ ಎತ್ತು ಹೂಡಿ ಹೊರಡು ಅಂತ. ಗ್ಯಾರೇಜಿನಲ್ಲಂತೂ ‘ಕಟ್ಕೊಂಡಿದೆ’ ಅಂದರೆ ಕಾರ್ಬೊರೇಟರ್ ಜೆಟ್ಟಿನಲ್ಲಿ ಕಸ ಕೂತಿದೆ ಅಂತ. ‘ಗಾಡಿ ಕಟ್ಟಿದೆವು’ ಅಂದರೆ ನಿಮಗೆ ಮೊದಲು ಏನು ಹೊಳೆಯುತ್ತದೆ?

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ನಿಘಂಟು ತೆಗೆಯಬೇಡಿ, ಗ್ಯಾರೇಜಿನಲ್ಲಿ ನಿಮ್ಮ ಕಿವಿಗೆ ಬಿದ್ದದ್ದನ್ನೇ ತಿಳಿಸಿ. ಬಿಚ್ಚೋ ಗಾಡಿಗೆ ನಿಮ್ಮಲ್ಲಿ ಏನನ್ನುತ್ತಾರೆ?